ಮನೆಯೊಳಗಿನ ದುಡಿಮೆ

‘ಮನೆಗೆಲಸ’ ಎಂಬ ಮಾತು ಕನ್ನಡದಲ್ಲಿ ಹಳೆಯದು. ‘ಮನೆಯಿಂದ ಕೆಲಸ’ ಎಂಬುದು ನಮ್ಮಲ್ಲಿ ಬಹುಮಂದಿಯ ಕಿವಿಗೆ ಬಿದ್ದದ್ದು 2020ರ ಮಾರ್ಚಿನಿಂದ ಈಚೆಗೆ. ಎರಡರಲ್ಲಿಯೂ ಇರುವುದು ಅದೇ ಮನೆ, ಅದೇ ಕೆಲಸ. ನಡುವೆ ಬಂದು ಕುಳಿತ ಒಂದು ಪ್ರತ್ಯಯ ಮಾತ್ರ ಹೊಸದು. ನೇಕಾರನನ್ನು ಕೇಳಿದರೆ ‘ಮನೆಯಲ್ಲಿ ಮಗ್ಗ ಹಾಕಿದ್ದೇವೆ’ ಎನ್ನುತ್ತಾನೆ. ರೇಷ್ಮೆ ಬೆಳೆಯುವ ಹೆಂಗಸು ‘ಮನೆಯಲ್ಲಿ ಹುಳು ಮೇಯಿಸಿದ್ದೇವೆ’ ಎನ್ನುತ್ತಾಳೆ. ಅವರದು ಸಪ್ತಮೀ ವಿಭಕ್ತಿ. ನಮ್ಮಂಥವರ ಪಾಲಿಗೆ ಬಂದದ್ದು ‘ಇಂದ’. ಕೆಲಸ ಎಲ್ಲಿಯೋ ದೂರದಲ್ಲಿದೆ, ಮನೆ ಕುಳಿತುಕೊಳ್ಳಲು ಸಿಕ್ಕ ಒಂದು ಜಾಗ, ಅಷ್ಟೆ ಎಂಬ ಧ್ವನಿ ಅದರಲ್ಲಿದೆ. ಈ ಬಗೆಯ ದುಡಿಮೆಯ ಕಷ್ಟಗಳಲ್ಲಿ ಮುಕ್ಕಾಲು ಪಾಲು ಆ ಧ್ವನಿಯಿಂದಲೇ ಹುಟ್ಟಿದವು ಎಂದು ನನಗೆ ತೋರುತ್ತದೆ.

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ನಾನು ಸೊಸೆಯಾಗಿ ಬಂದ ಊರು. ಇಲ್ಲಿನ ಹುಣಸೆ ತೋಪಿನ ಹೆಸರನ್ನು ಓದುಗರು ಕೇಳಿರಬಹುದು. ಸುಮಾರು 54 ಎಕರೆಯ ಈ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ದೇಶದಲ್ಲಿ ಆ ಗೌರವ ಮೊದಲು ಸಂದದ್ದು ಇದಕ್ಕೇ. ನನ್ನ ಉದ್ಯೋಗ ಭಾಷಾಂತರ ಮತ್ತು ಕರಡು ತಿದ್ದುವುದು. ಕಚೇರಿ ಬೆಂಗಳೂರಿನಲ್ಲಿ. ಹೋಗಿಬರಲು ದಿನಕ್ಕೆ ಮೂರು ಗಂಟೆಗೆ ಕಡಿಮೆಯಿಲ್ಲದೆ ಬಸ್ಸಿನಲ್ಲಿ ಕಳೆಯುತ್ತಿದ್ದೆ. 2020ರ ಮಾರ್ಚ್ 24ರ ನಡುರಾತ್ರಿ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಮುಂದಿನ ವಾರ ನನ್ನ ಕಚೇರಿ ಒಂದು ಲ್ಯಾಪ್‌ಟಾಪಿನೊಳಗೆ ಅಡಗಿ ನಮ್ಮ ನಡುಮನೆಗೆ ಬಂದು ಕುಳಿತಿತು.

ಬೆನ್ನುನೋವು, ಕಣ್ಣುರಿ, ಕೈಕೊಡುವ ಕರೆಂಟು, ಮಾತಿನ ನಡುವೆ ಕಡಿದುಹೋಗುವ ನೆಟ್‌ವರ್ಕ್—ಇವುಗಳನ್ನು ವಿಸ್ತರಿಸಬೇಕಾಗಿಲ್ಲ. ಎತ್ತರ ಸರಿಯಾದ ಮೇಜು, ಬೆನ್ನಿಗೆ ಆಸರೆ ಕೊಡುವ ಕುರ್ಚಿ, ಎಡಬದಿಯಿಂದ ಬರುವ ಬೆಳಕು, ಗಂಟೆಗೊಮ್ಮೆ ಎದ್ದು ಓಡಾಡುವುದು, ಇಷ್ಟರಲ್ಲಿ ಅವು ಬಹಳ ಮಟ್ಟಿಗೆ ಹತೋಟಿಗೆ ಬರುತ್ತವೆ. ಹತೋಟಿಗೆ ಬಾರದ್ದು ಇನ್ನೊಂದು. ನಾನು ಕೆಲಸ ಮಾಡುತ್ತಿದ್ದೇನೆಂಬುದನ್ನು ಮನೆಯಲ್ಲಿ ಯಾರೂ ನಂಬಲಿಲ್ಲ. ನಂಬಲಿಲ್ಲವೆಂದರೆ ತಪ್ಪಾದೀತು, ಅವರ ಕಣ್ಣಿಗೆ ಅದು ಕಾಣಲಿಲ್ಲ. ‘ಮನೇಲೇ ಇದ್ದೀಯಲ್ಲಮ್ಮಾ, ಒಲೆ ಮೇಲೆ ಹಾಲಿಟ್ಟಿದ್ದೀನಿ, ನೋಡ್ಕೋ’ ಎಂದು ಅತ್ತೆ ಹೇಳಿ ಹಿತ್ತಿಲಿಗೆ ಹೋಗುವರು. ಗ್ಯಾಸ್ ತಂದವನು, ಸಂಘದ ಲೆಕ್ಕ ಕೇಳಲು ಬಂದ ನೆರೆಯಾಕೆ, ಪಾಠ ಹೇಳಿಸಿಕೊಳ್ಳಲು ಬಂದ ಮೈದುನನ ಮಗ, ಎಲ್ಲರಿಗೂ ನಾನು ಬಿಡುವಾಗಿದ್ದವಳೇ. ಅತ್ತ ಕಚೇರಿಯವರಿಗೂ ಹಾಗೆಯೇ ತೋರುತ್ತಿತ್ತು: ಮನೆಯಲ್ಲಿಯೇ ಇದ್ದಾಳೆ, ರಾತ್ರಿ ಒಂಬತ್ತಕ್ಕೆ ಒಂದು ಕರಡು ಕಳಿಸಿದರೇನು! ಎರಡೂ ಕಡೆಯವರ ವಾದ ಒಂದೇ. ಹೆಂಗಸರಿಗೆ ಇದು ಇಮ್ಮಡಿ ಭಾರವೆಂದು ಬೇರೆ ಹೇಳಬೇಕಿಲ್ಲ; ನಮ್ಮ ಮನೆಯ ಗಂಡಸರು ಮನೆಯಿಂದ ಕೆಲಸ ಮಾಡಿದಾಗ ಹಾಲು ನೋಡಿಕೊಳ್ಳಲು ಯಾರೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಸೋಜಿಗವೆಂದರೆ, ನಮ್ಮದು ರೇಷ್ಮೆಯ ಮನೆತನ. ಮನೆಯೊಳಗೇ ದುಡಿಯುವುದು ಇಲ್ಲಿ ಹೊಸತೇನಲ್ಲ. ದೇವನಹಳ್ಳಿ, ವಿಜಯಪುರದ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು, ಹುಳು ಮೇಯಿಸಿ, ಗೂಡನ್ನು ಮಾರುಕಟ್ಟೆಗೆ ಒಯ್ದು ಬದುಕಿದ ಮನೆಗಳು ಬೇಕಾದಷ್ಟಿವೆ. ಪ್ರತ್ಯೇಕ ಹುಳುಮನೆ ಕಟ್ಟುವ ವಾಡಿಕೆ ಹಬ್ಬುವ ಮೊದಲು ಹುಳುಗಳೂ ಮನುಷ್ಯರೂ ಒಂದೇ ಸೂರಿನಡಿ ಇರುತ್ತಿದ್ದರು. ತಟ್ಟೆಗಳ ಸಾಲು ನಡುಮನೆಯನ್ನು ತುಂಬಿದರೆ ಮಕ್ಕಳು ಜಗಲಿಯಲ್ಲಿ ಮಲಗುತ್ತಿದ್ದರು. ಹುಳು ಮನೆಯಲ್ಲಿರುವಷ್ಟು ಕಾಲ ಸೊಸೆಯನ್ನು ‘ಬಿಡುವಾಗಿದ್ದೀಯಲ್ಲ’ ಎಂದು ಕೇಳುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಬೀಡಿ, ಹೊಗೆಸೊಪ್ಪಿನ ಮಾತೇ ಇಲ್ಲ. 1980ರಲ್ಲಿ ಊಜಿ ನೊಣ ಕರ್ನಾಟಕವನ್ನು ಹೊಕ್ಕ ಮೇಲೆ ಕಿಟಕಿ ಬಾಗಿಲಿಗೆಲ್ಲ ಬಲೆ ಬಂದಿತು. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಇವುಗಳ ಹೆಸರೆತ್ತಿದರೆ ಸಾಕು, ನೆಂಟರು ತಾವಾಗಿಯೇ ಜಗಲಿಯಲ್ಲಿ ಕುಳಿತುಬಿಡುವರು.

ಈ ದುಡಿಮೆಗೆ ಒಂದು ಮೈಕಟ್ಟೂ ಇದೆ. ಹುಳುವಿನ ಬಾಳು ಸುಮಾರು 25ರಿಂದ 28 ದಿನ. ಅಷ್ಟರಲ್ಲಿ ಅದು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮವರು ಪೊರೆ ಬಿಡುವುದಕ್ಕೆ ‘ಜ್ವರ’ ಎನ್ನುತ್ತಾರೆ: ಒಂದನೆಯ ಜ್ವರ, ಎರಡನೆಯ ಜ್ವರ. ಜ್ವರಕ್ಕೆ ಹೋದ ಹುಳು ತಲೆಯೆತ್ತಿ ಅಲುಗದೆ ನಿಲ್ಲುತ್ತದೆ. ಆಗ ಸೊಪ್ಪು ಹಾಕುವಂತಿಲ್ಲ. ನಾಲ್ಕನೆಯ ಜ್ವರ ಎದ್ದ ಮೇಲಿನ ಏಳೆಂಟು ದಿನ ಮನೆಯವರಿಗೆ ನಿದ್ದೆಯಿಲ್ಲ. 100 ಮೊಟ್ಟೆಯ ಬೆಳೆಗೆ ಬೇಕಾಗುವ ಸುಮಾರು ಒಂದು ಟನ್ನು ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲನ್ನು ಹುಳು ತಿನ್ನುವುದು ಆಗಲೇ. ತಿನ್ನುವ ಸದ್ದು ಸೋನೆ ಮಳೆಯಂತೆ ರಾತ್ರಿಯೆಲ್ಲ ಕೇಳುತ್ತದೆ. ಆಮೇಲೆ ಹುಳು ಹಣ್ಣಾಗುತ್ತದೆ, ಚಂದ್ರಿಕೆಗೆ ಬಿಡುತ್ತಾರೆ, ಗೂಡು ಕಟ್ಟುತ್ತದೆ. ಗೂಡು ಬಿಡಿಸಿ ಮಾರಿ ಬಂದ ದಿನ ಮನೆಯನ್ನು ತೊಳೆದು ಔಷಧಿ ಹೊಡೆದು ಬಾಗಿಲು ತೆರೆದಿಡುತ್ತಾರೆ. ಮುಂದಿನ ಮೊಟ್ಟೆ ತರುವತನಕ ಮನೆ ಮತ್ತೆ ಮನೆ.

ನನ್ನ ಕೆಲಸಕ್ಕೆ ಜ್ವರವೂ ಇಲ್ಲ, ಗೂಡೂ ಇಲ್ಲ. ಒಂದು ಕರಡು ಮುಗಿಯುವ ಮೊದಲೇ ಇನ್ನೊಂದು ಬರುತ್ತದೆ. ಎಂಟು ಗಂಟೆ ದುಡಿದು ಎದ್ದಾಗ ಮೇಜಿನ ಮೇಲೆ ತೋರಿಸಲು ಒಂದು ಹಿಡಿ ಸೊಪ್ಪಿನ ಕಡ್ಡಿಯೂ ಇರುವುದಿಲ್ಲ. ಕಚೇರಿಯಲ್ಲಿದ್ದಾಗ ಪಕ್ಕದ ಮೇಜಿನಾಕೆ ‘ಮುಗೀತಾ?’ ಎಂದು ಕೇಳುತ್ತಿದ್ದಳು. ಆ ಒಂದು ಪ್ರಶ್ನೆ ಎಷ್ಟು ದೊಡ್ಡ ಉಪಕಾರವಾಗಿತ್ತೆಂಬುದು ಅದು ನಿಂತ ಮೇಲೆ ತಿಳಿಯಿತು. ಒಂಟಿತನವೆಂದರೆ ಜನರಿಲ್ಲದಿರುವುದೆಂದು ಎಣಿಸುತ್ತೇವೆ. ಆರು ಜನರಿದ್ದ ಮನೆಯಲ್ಲಿ, ನಾನು ಮಾಡುವುದೇನೆಂದು ಒಬ್ಬರಿಗೂ ತಿಳಿಯದೆ ಕುಳಿತ ಆ ಮಧ್ಯಾಹ್ನಗಳಷ್ಟು ಒಂಟಿಯಾದ ಹೊತ್ತನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಒಂದು ರಾತ್ರಿ ಹನ್ನೊಂದರವರೆಗೂ ತಿದ್ದುತ್ತ ಕುಳಿತಿದ್ದಾಗ ಅತ್ತೆ ಬಂದು ನಿಂತು, ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಹೇಳಿದೆ. ‘ಜ್ವರದಲ್ಲಿರೋ ಹುಳಕ್ಕೆ ಸೊಪ್ಪು ಹಾಕಿದ್ರೆ ಬೆಳೆ ಕೆಡ್ತದೆ ಕಣಮ್ಮಾ. ನಿಮ್ಮ ಆಫೀಸಿನೋರಿಗೆ ಅಷ್ಟೂ ಗೊತ್ತಿಲ್ವಾ?’ ಎಂದರು. ಮರುದಿನ ಹಿತ್ತಿಲಿನ ಹಳೆಯ ಹುಳುಮನೆಯ ಒಂದು ಮೂಲೆಯನ್ನು ಅವರೇ ಸಾರಿಸಿ ಕೊಟ್ಟರು. ಬೆಳಿಗ್ಗೆ ಒಂಬತ್ತೂವರೆಗೆ ನಾನು ಒಳಹೊಕ್ಕರೆ ಬಾಗಿಲು ಹಾಕಿದಂತೆ. ಬಂದವರಿಗೆ ‘ಹುಳುಮನೇಲಿದ್ದಾಳೆ’ ಎಂದು ಉತ್ತರ. ನಮ್ಮೂರಿನಲ್ಲಿ ಅದಕ್ಕೆ ಎದುರು ಮಾತಿಲ್ಲ. ಸಂಜೆ ಆರಕ್ಕೆ ಲ್ಯಾಪ್‌ಟಾಪಿನ ಮೇಲೆ ಬಟ್ಟೆ ಮುಚ್ಚಿ ತೋಪಿನವರೆಗೆ ನಡೆದು ಬರುತ್ತೇನೆ. ಮೊದಲು ಬೈದುಕೊಳ್ಳುತ್ತಿದ್ದ ಆ ಬಸ್ಸಿನ ದಾರಿ ಮಾಡುತ್ತಿದ್ದ ಕೆಲಸವನ್ನು ಈಗ ಈ ನಡಿಗೆ ಮಾಡುತ್ತದೆ: ಉದ್ಯೋಗಸ್ಥೆಯನ್ನು ಕಳಚಿ ಮನೆಯವಳನ್ನಾಗಿ ಮಾಡಿ ತರುತ್ತದೆ. ದಿನದ ಕೊನೆಗೆ ಎಷ್ಟು ಪುಟ ಆಯಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದನ್ನೂ ರೂಢಿಸಿಕೊಂಡೆ. ಅತ್ತೆಗೆ ಓದು ಬಾರದು, ಅಂಕಿ ಬರುತ್ತದೆ. ‘ಇವತ್ತು ಕಡಿಮೆ’ ಎಂದು ಅವರು ಅಂದದ್ದೂ ಉಂಟು.

ಹೀಗೆಂದ ಮಾತ್ರಕ್ಕೆ ಮನೆಯೊಳಗಿನ ದುಡಿಮೆಯೆಲ್ಲ ಸುಖವೆಂದು ಯಾರೂ ತಿಳಿಯಬಾರದು. ನಮ್ಮ ಪಕ್ಕದ ದೊಡ್ಡಬಳ್ಳಾಪುರಕ್ಕೆ ಹೋಗಿ ನೋಡಿ. ಅಲ್ಲಿ ಎಷ್ಟೋ ಮನೆಗಳ ಮುಂದಿನ ಅಂಕಣವೇ ಮಗ್ಗದ ಮನೆ. ವಿದ್ಯುತ್ ಮಗ್ಗದ ಸದ್ದಿನಲ್ಲಿಯೇ ಮಕ್ಕಳು ಓದಬೇಕು, ಮುದುಕರು ಮಲಗಬೇಕು. ಕೂಲಿ ನೇಯ್ಗೆಯಲ್ಲಿ ಹಾಸೂ ಹೊಕ್ಕೂ ಮಾಲೀಕನವು. ಜಾಗ ನೇಕಾರನದು, ಮನೆಮಂದಿಯ ದುಡಿತವೂ ನೇಕಾರನದು. ಸೀರೆಗೆ ಇಷ್ಟೆಂದು ಕೂಲಿ. ಕಾರ್ಖಾನೆಯ ಗೋಡೆ, ಬಾಡಿಗೆ, ದೀಪ ಎಲ್ಲವೂ ದುಡಿಯುವವನ ಮನೆಯ ಖರ್ಚಿನೊಳಗೆ ಕರಗಿಹೋಗುತ್ತವೆ. 2020ರ ಅದೇ ವಸಂತದಲ್ಲಿ ನಮ್ಮಂಥವರಿಗೆ ಮನೆಯ ಕೆಲಸ ಆರಂಭವಾದರೆ ಅವರಿಗೆ ನಿಂತಿತು: ಮದುವೆಗಳಿಲ್ಲ, ಅಂಗಡಿಗಳಿಲ್ಲ, ನೇಯ್ದ ಸೀರೆಗೆ ಕೊಳ್ಳುವವರಿಲ್ಲ. ಮಗ್ಗ ಮಾತ್ರ ನಡುಮನೆಯಲ್ಲಿ ನಿಂತೇ ಇತ್ತು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಮನೆಯಲ್ಲಿ ದುಡಿಯುವವರ ಬಗೆಗೆ 177ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಇತರ ಕೂಲಿಗಾರರಿಗೆ ಇರುವ ಸಮಾನತೆ ಇವರಿಗೂ ಸಲ್ಲಬೇಕೆಂಬುದು ಅದರ ತಿರುಳು. ಜೊತೆಗೆ ಬಂದ ಶಿಫಾರಸಿನಲ್ಲಿ, ಕೆಲಸಕ್ಕಾಗಿ ವ್ಯಯವಾಗುವ ವಿದ್ಯುತ್ತು, ನೀರು, ಯಂತ್ರದ ದುರಸ್ತಿಗೂ ಪರಿಹಾರ ಕೊಡಬೇಕೆಂದಿದೆ. ಅಹಮದಾಬಾದಿನಲ್ಲಿ ಇಳಾ ಭಟ್ಟರು 1972ರಲ್ಲಿ ಕಟ್ಟಿದ ‘ಸೇವಾ’ ಸಂಘಟನೆಯ ಹೆಣ್ಣುಮಕ್ಕಳು ಇದಕ್ಕಾಗಿ ಬಹಳ ಶ್ರಮಿಸಿದರು. ಆದರೂ ಭಾರತ ಆ ಒಡಂಬಡಿಕೆಗೆ ಸಹಿ ಹಾಕಿಲ್ಲ. ಊದುಬತ್ತಿ ಹೊಸೆಯುವವಳ, ಬೀಡಿ ಕಟ್ಟುವವಳ ಪ್ರಶ್ನೆಯೆಂದು ನಾವು ಓದುಬಲ್ಲವರು ಇದನ್ನು ಇಷ್ಟು ಕಾಲ ಪಕ್ಕಕ್ಕಿಟ್ಟಿದ್ದೆವು. ಕಂಪ್ಯೂಟರಿನ ಮುಂದೆ ಕುಳಿತ ಮೇಲೆ ಅದು ನಮ್ಮದೂ ಆಯಿತು.

ಕಚೇರಿಗೆ ನಾನೂ ಒಂದು ಪತ್ರ ಬರೆದೆ: ಕರೆಂಟಿಗೆ, ಇಂಟರ್‌ನೆಟ್ಟಿಗೆ ತಿಂಗಳಿಗೆ ಇಷ್ಟು ಕೊಡಿ, ಸಂಜೆ ಆರರ ನಂತರ ಕರಡು ಕಳಿಸಬೇಡಿ ಎಂದು. ಮೊದಲನೆಯದನ್ನು ಅರ್ಧ ಒಪ್ಪಿದರು. ಎರಡನೆಯದಕ್ಕೆ ಉತ್ತರ ಬಂದಿಲ್ಲ. ಆರರ ನಂತರ ಬಂದ ಕರಡನ್ನು ನಾನು ಮರುದಿನ ಒಂಬತ್ತೂವರೆಗೆ ತೆರೆಯುತ್ತೇನೆ. ಈಗ ವಾರಕ್ಕೆ ಎರಡು ದಿನ ಕಚೇರಿಗೆ ಬರಬೇಕೆಂದಿದ್ದಾರೆ. ಉಳಿದ ದಿನಗಳಿಗೆ ಹುಳುಮನೆಯ ಮೂಲೆ ಇದೆ. ಈ ಸಲ ಅತ್ತೆ 100 ಮೊಟ್ಟೆ ತರಿಸಿದ್ದಾರೆ. ನಾಲ್ಕನೆಯ ಜ್ವರ ಏಳುವ ಹೊತ್ತಿಗೆ ಮೇಜನ್ನು ಒಂದಷ್ಟು ಗೋಡೆಗೆ ಸರಿಸಿಕೊಳ್ಳಬೇಕಾದೀತು.