ಚಿಕ್ಕವರ ರಕ್ಷಣೆ: ಸಭೆಯ ಹೊಣೆ

ಮತ್ತಾಯನ 18ನೆಯ ಅಧ್ಯಾಯದಲ್ಲಿ ಕರ್ತನು ಮಗುವೊಂದನ್ನು ನಡುವೆ ನಿಲ್ಲಿಸಿ, ಬೀಸುವ ಕಲ್ಲಿನ ಎಚ್ಚರಿಕೆಯನ್ನು ನುಡಿದದ್ದು ತನ್ನ ಶಿಷ್ಯರಿಗೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಡೆಯುವ ಜನಜಾಗೃತಿಯೂ ಹಾಗೆಯೇ ಮೊದಲು ಹಿರಿಯರನ್ನು ತಲುಪಬೇಕು.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ 43ನೆಯ ಕಲಂ ಸಾರ್ವಜನಿಕರಲ್ಲಿಯೂ ಮಕ್ಕಳಲ್ಲಿಯೂ ಪೋಷಕರಲ್ಲಿಯೂ ಅರಿವು ಮೂಡಿಸುವ ಹೊಣೆಯನ್ನು ಸರ್ಕಾರಗಳಿಗೆ ವಹಿಸಿದೆ. 19ನೆಯ ಕಲಂ ಪ್ರಕಾರ, ಕೃತ್ಯ ನಡೆದಿದೆಯೆಂದು ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಅಧೀನದವನ ಕೃತ್ಯವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ 1 ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯ ಮಗು ಮತ್ತು ಕಾನೂನು ಕೇಂದ್ರವು ಕರ್ನಾಟಕವೂ ಸೇರಿದಂತೆ 5 ರಾಜ್ಯಗಳ ವಿಶೇಷ ನ್ಯಾಯಾಲಯಗಳನ್ನು ಅಧ್ಯಯನ ಮಾಡಿತು. ಆರೋಪಿ ಬಂಧುವೋ ಪರಿಚಿತನೋ ಆಗಿದ್ದಾಗ ಎಷ್ಟೋ ಮಕ್ಕಳು ತಮ್ಮ ಮೊದಲ ಹೇಳಿಕೆಯಿಂದ ಹಿಂದೆ ಸರಿದದ್ದು ಅಲ್ಲಿ ಕಂಡುಬಂತು. ಇಂಥಲ್ಲಿ ಮನೆತನದ ಮಾನವನ್ನೋ ಸಭೆಯ ಹೆಸರನ್ನೋ ಮುಂದಿಟ್ಟು ರಾಜಿಗೆ ಇಳಿಯುವ ಪಾಲಕನು ಮಗುವಿನ ಬಾಯಿ ಮುಚ್ಚಿಸುವವರ ಜೊತೆ ಸೇರುತ್ತಾನೆ. ಕ್ಷಮೆಯ ಬೋಧನೆ ದೂರಿಗೆ ಬದಲಿಯಾಗಲಾರದು.

ಆದುದರಿಂದ ಭಾನುವಾರ ಶಾಲೆಯ ಶಿಕ್ಷಕರಿಗೂ ಸಭೆಯ ಹಿರಿಯರಿಗೂ ನಾವು ಕಲಿಸಬೇಕಾದುದು ಇಷ್ಟು: ಮಗುವಿನ ಮಾತನ್ನು ತಾಳ್ಮೆಯಿಂದ ಕೇಳಬೇಕು, ಕೆದಕಿ ಪ್ರಶ್ನಿಸಬಾರದು, ಅದರ ಹೆಸರನ್ನು ಬಯಲಿಗೆಳೆಯಬಾರದು, ತಡಮಾಡದೆ ಪೊಲೀಸರಿಗೆ ತಿಳಿಸಬೇಕು. ನೆರವಿಗೆ 1098 ಮಕ್ಕಳ ಸಹಾಯವಾಣಿಯೂ ಇದೆ.