ನಂಜೂ ಮದ್ದೂ
ನಂಜನಗೂಡಿನ ಹೆಸರಿನಲ್ಲಿಯೇ ನಂಜಿದೆ. ಅಲ್ಲಿಯ ನಂಜುಂಡನನ್ನು ಟಿಪ್ಪು ಸುಲ್ತಾನನು ಹಕೀಮನೆಂದು ಕರೆದನೆಂಬುದು ಪ್ರತೀತಿ. ವಿಷವೂ ಅಳತೆಯಲ್ಲಿ ಔಷಧವಾಗುವುದೆಂಬುದಕ್ಕೆ ಬೊಟಾಕ್ಸ್ ಇಂದಿನ ನಿದರ್ಶನ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಸೂಕ್ಷ್ಮಾಣುವಿನ ಈ ವಿಷವು ನರದ ಆಜ್ಞೆ ಸ್ನಾಯುವನ್ನು ಮುಟ್ಟದಂತೆ ತಡೆಯುತ್ತದೆ. ಅಮೆರಿಕೆಯಲ್ಲಿ 1989ರಲ್ಲಿ ಮೆಳ್ಳೆಗಣ್ಣಿನ ಚಿಕಿತ್ಸೆಗೂ 2002ರಲ್ಲಿ ಹುಬ್ಬುಗಳ ನಡುವಣ ಗೆರೆಗಳಿಗೂ ಇದಕ್ಕೆ ಸಮ್ಮತಿ ದೊರೆಯಿತು. ಸ್ನಾಯು ಸಡಿಲಿದರೆ ಮಾಯುತ್ತಿರುವ ಗಾಯದ ಅಂಚಿನ ಸೆಳೆತ ತಗ್ಗಿ ಕಲೆ ಕಿರಿದಾಗಬಹುದು. ಪರಿಣಾಮ ಮೂರು ನಾಲ್ಕು ತಿಂಗಳು ಮಾತ್ರ. ಆದರೆ ಸೋಂಕು ತಗುಲಿದ ಚರ್ಮಕ್ಕೆ ಇದನ್ನು ಚುಚ್ಚಕೂಡದು. ವಿಷವು ಹರಡಿದರೆ ನುಂಗುವುದೂ ಉಸಿರಾಡುವುದೂ ಕಷ್ಟವಾದೀತು. ಆದುದರಿಂದ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ತರುಣ ತರುಣಿಯರು ತಜ್ಞವೈದ್ಯರಲ್ಲಿ ಗಾಯದ ಸಂಗತಿಯನ್ನು ಮರೆಮಾಚದೆ ಅರುಹತಕ್ಕದ್ದು. ನಂಜುಂಡೂ ಉಳಿದವನು ಶಿವನೊಬ್ಬನೇ. ನಮಗೆ ಅಳತೆಯೇ ರಕ್ಷೆ.