ಸಂಜೆಯ ಸೊಪ್ಪು, ಕೊನೆ ಗಳಿಗೆಯ ಸೀಟು

ಕತ್ತಲಾಗುವ ಹೊತ್ತಿಗೆ ಮಾರುಕಟ್ಟೆಗೆ ಹೋದವರಿಗೆ ಸೊಪ್ಪು ಅಗ್ಗ. ಬೆಳಿಗ್ಗೆ ಕಟ್ಟಿಗೆ ಇಪ್ಪತ್ತು ರೂಪಾಯಿ ಎಂದು ಪಟ್ಟು ಹಿಡಿದಿದ್ದ ಸೊಪ್ಪಿನಾಕೆ, ಸಂಜೆ ಅದೇ ಇಪ್ಪತ್ತಕ್ಕೆ ಮೂರು ಕಟ್ಟು ಕೊಟ್ಟು ಬುಟ್ಟಿ ಖಾಲಿ ಮಾಡಿಕೊಂಡು ಮನೆಗೆ ಹೊರಡುತ್ತಾಳೆ. ನಾಳೆಗೆ ಬಾಡುವ ಸರಕನ್ನು ಕೈಗೆ ಬಂದಷ್ಟಕ್ಕೆ ಮಾರುವುದು ಲೋಕರೂಢಿ.

ವಿಮಾನದ ಸೀಟು ಸೊಪ್ಪಿಗಿಂತ ಬೇಗ ಬಾಡುವ ಸರಕು. ಬಾಗಿಲು ಮುಚ್ಚಿದ ಮೇಲೆ ಖಾಲಿ ಉಳಿದ ಸೀಟಿಗೆ ಬಿಡಿಗಾಸಿನ ಬೆಲೆಯೂ ಇಲ್ಲ. ಅದನ್ನು ನಾಳೆ ಮಾರಲು ಬರುವುದಿಲ್ಲ. ಅಂದಮೇಲೆ ಹೊರಡುವ ಹೊತ್ತು ಹತ್ತಿರವಾದಂತೆ ದರ ಇಳಿಯಬೇಕಷ್ಟೆ? ಆಗುವುದು ಸಾಮಾನ್ಯವಾಗಿ ಇದರ ತಿರುವುಮುರುವು. ಬೆಂಗಳೂರಿನಿಂದ ದೆಹಲಿಗೆ ಹೊರಟ ವಿಮಾನದಲ್ಲಿ ಎರಡು ತಿಂಗಳ ಹಿಂದೆಯೇ ಟಿಕೆಟ್ ಕೊಂಡವರ ಪಕ್ಕದಲ್ಲಿ, ನಿನ್ನೆ ರಾತ್ರಿ ಕೊಂಡವರು ಅದರ ಎರಡು ಮೂರು ಪಟ್ಟು ತೆತ್ತು ಕುಳಿತಿರುತ್ತಾರೆ. ಸೀಟು ಒಂದೇ, ಹೊತ್ತು ಒಂದೇ, ಕುಡಿಯುವ ನೀರೂ ಒಂದೇ. ಅರ್ಧ ಟಿಕೆಟ್ಟು, ಮಹಿಳೆಯರ ಉಚಿತ ಪ್ರಯಾಣಗಳನ್ನು ಬಿಟ್ಟರೆ ಕೆಂಪು ಬಸ್ಸಿನಲ್ಲಿ ಎಲ್ಲರಿಂದಲೂ ಒಂದೇ ಹಣ ಪಡೆಯುವ ಕಂಡಕ್ಟರ್ ಹೀಗೆ ಮಾಡಿದರೆ ಬಸ್ಸು ಮುಂದಿನ ಸ್ಟಾಪು ದಾಟುವುದು ಕಷ್ಟ.

ವಿಮಾನದಲ್ಲೂ ಮೊದಲು ಹೀಗಿರಲಿಲ್ಲ. 1945ರಲ್ಲಿ ಕ್ಯೂಬಾದ ಹವಾನಾದಲ್ಲಿ ಹುಟ್ಟಿದ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ‘ಐಯಾಟಾ’ದ ಸಭೆಗಳಲ್ಲಿ ಕಂಪನಿಗಳೆಲ್ಲ ಕೂಡಿ ಕುಳಿತು ದರ ಗೊತ್ತುಮಾಡುತ್ತಿದ್ದವು, ಸರ್ಕಾರಗಳು ಅದಕ್ಕೆ ಮುದ್ರೆ ಒತ್ತುತ್ತಿದ್ದವು. ದರದಲ್ಲಿ ಪೈಪೋಟಿ ನಿಷಿದ್ಧವಾದ್ದರಿಂದ ಕಂಪನಿಗಳು ಊಟದಲ್ಲಿ ಪೈಪೋಟಿಗಿಳಿದವು. ಅಗ್ಗದ ದರ್ಜೆಯವರಿಗೆ ಸ್ಯಾಂಡ್‌ವಿಚ್ ಮಾತ್ರ ಎಂಬ ಕಟ್ಟಳೆ ಬಂದಾಗ, ಸ್ಕ್ಯಾಂಡಿನೇವಿಯಾದ ಕಂಪನಿ ಅದರ ಮೇಲೆ ಮಾಂಸ, ಮೀನು ಹೇರಿ ಊಟವನ್ನೇ ಬಡಿಸಿತೆಂದು ಅಮೆರಿಕದ ಪ್ಯಾನ್ ಆಮ್ ದೂರು ಕೊಟ್ಟಿತು. ಸ್ಯಾಂಡ್‌ವಿಚ್ ಎಂದರೆ ಏನು ಎಂದು 1958ರಲ್ಲಿ ಐಯಾಟಾ ಗಂಭೀರವಾಗಿ ವ್ಯಾಖ್ಯಾನ ಮಾಡಬೇಕಾಯಿತು!

ಅಗ್ಗದ ಟಿಕೆಟ್ಟಿಗೆ ಕಳ್ಳದಾರಿಗಳಿದ್ದವು. ಒಂದೇ ಸಂಘದ ಸದಸ್ಯರು ಇಡೀ ವಿಮಾನ ಬಾಡಿಗೆಗೆ ಹಿಡಿದರೆ ರಿಯಾಯಿತಿ ಇತ್ತು, ಆದರೆ ಅವರು ಕನಿಷ್ಠ ಆರು ತಿಂಗಳಿನಿಂದ ಸದಸ್ಯರಾಗಿರಬೇಕು. ಹೀಗಾಗಿ ಬ್ರಿಟನ್ನಿನಲ್ಲಿ ಹೆಸರಿಗಷ್ಟೇ ಸಂಘಗಳು ಹುಟ್ಟಿಕೊಂಡವು. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದ್ದು ವಿಮಾನ ನಿಲ್ದಾಣದಲ್ಲೇ. ಮಾರಾಟವಾಗದೆ ಉಳಿದ ಸೀಟುಗಳನ್ನು ಕಂಪನಿಗಳೇ ಗುಟ್ಟಾಗಿ ದಲ್ಲಾಳಿಗಳಿಗೆ ಸಗಟು ಮಾರುತ್ತಿದ್ದುದೂ ಉಂಟು. ಲಂಡನ್ನಿನಲ್ಲಿ ಇಂಥ ಅಂಗಡಿಗಳಿಗೆ ‘ಬಕೆಟ್ ಶಾಪ್’ ಎಂದೇ ಹೆಸರು.

ಸೀಟಿಗೆ ಹಲವು ಬೆಲೆ ಇರಲಿ ಎಂಬುದಕ್ಕೆ ಲೆಕ್ಕಾಚಾರದ ಅಡಿಪಾಯ ಹಾಕಿದವರು ಬ್ರಿಟನ್ನಿನ ಬಿಓಎಸಿ ಕಂಪನಿಯಲ್ಲಿದ್ದ ಕೆನೆತ್ ಲಿಟಲ್‌ವುಡ್. ಅವರು 1972ರಲ್ಲಿ ಮಂಡಿಸಿದ ಸೂತ್ರ ಕಿರಾಣಿ ಅಂಗಡಿಯವರಿಗೂ ಅರ್ಥವಾಗುವಂಥದು. ಅಗ್ಗದ ಟಿಕೆಟ್ 3,000 ರೂಪಾಯಿ, ಪೂರ್ತಿ ದರ 9,000 ಎಂದುಕೊಳ್ಳೋಣ. ಒಬ್ಬರು 3,000 ಹಿಡಿದು ಈಗಲೇ ಎದುರಿಗೆ ನಿಂತಿದ್ದಾರೆ. ಸೀಟು ಕೊಡಬೇಕೇ, ಕಾಯಬೇಕೇ? ಆ ಸೀಟಿಗೆ 9,000 ಕೊಡುವವರು ಮುಂದೆ ಬರುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಕಾಯಬೇಕು, ಕಡಿಮೆಯಿದ್ದರೆ ಕೊಟ್ಟುಬಿಡಬೇಕು. ಅಷ್ಟೇ.

ಇದರ ಒಳಗುಟ್ಟು ಬೇರೆ. ಮೊದಲೇ ಬರುವವರು ಮದುವೆಗೋ ರಜೆಗೋ ಹೊರಟವರು. ದರ ಹೆಚ್ಚಾದರೆ ರೈಲು ಹತ್ತುತ್ತಾರೆ, ಇಲ್ಲವೇ ಮನೆಯಲ್ಲೇ ಉಳಿಯುತ್ತಾರೆ. ಕೊನೆಗೆ ಬರುವವರು ಹೋಗಲೇಬೇಕಾದವರು. ಸೊಪ್ಪಿನ ಅಂಗಡಿಗೆ ತಡವಾಗಿ ಬಂದವರಿಗೆ ಕೊಳ್ಳದೇ ಹೋಗುವ ಸ್ವಾತಂತ್ರ್ಯವಿದೆ, ಇವರಿಗಿಲ್ಲ. ಕೊನೆಗೆ ಅಗ್ಗ ಮಾಡುವ ಅಭ್ಯಾಸ ಬಿದ್ದರೆ ಎಲ್ಲರೂ ಕೊನೆವರೆಗೆ ಕಾಯುತ್ತಾರೆಂಬ ಅಂಜಿಕೆಯೂ ಕಂಪನಿಗಳಿಗಿದೆ.

ಹೀಗಾಗಿ ವಿಮಾನದ ಒಂದೇ ದರ್ಜೆಯ ಸೀಟುಗಳನ್ನು ಲೆಕ್ಕದ ಪುಸ್ತಕದಲ್ಲಿ ಹತ್ತಾರು ಗುಂಪುಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಂದು ಇಂಗ್ಲಿಷ್ ಅಕ್ಷರ, ಒಂದು ದರ ಇಟ್ಟಿರುತ್ತಾರೆ. ಅಗ್ಗದ ಗುಂಪು ತುಂಬಿದರೆ ಮುಂದಿನದು ತೆರೆಯುತ್ತದೆ. ಬೇಡಿಕೆ ಕಡಿಮೆಯಾದರೆ ಮುಚ್ಚಿದ ಗುಂಪು ಮತ್ತೆ ತೆರೆಯುವುದೂ ಉಂಟು; ನಿನ್ನೆ ಏರಿದ ದರ ಇಂದು ಇಳಿಯುವುದು ಹೀಗೆ.

ಈ ಲೆಕ್ಕಾಚಾರವನ್ನು ಧಿಕ್ಕರಿಸಿ ಎಲ್ಲರಿಗೂ ಅಗ್ಗ ಎಂದು ಹೊರಟವರೂ ಇದ್ದರು. ಬ್ರಿಟನ್ನಿನ ಫ್ರೆಡ್ಡಿ ಲೇಕರ್ 1977ರ ಸೆಪ್ಟೆಂಬರ್‌ನಲ್ಲಿ ‘ಸ್ಕೈಟ್ರೇನ್’ ಆರಂಭಿಸಿ ಲಂಡನ್ನಿನಿಂದ ನ್ಯೂಯಾರ್ಕಿಗೆ 59 ಪೌಂಡಿಗೆ ಜನರನ್ನು ಒಯ್ದರು. ಮುಂಗಡ ಬುಕಿಂಗ್ ಇಲ್ಲ, ಸಾಲಿನಲ್ಲಿ ನಿಂತು ಹತ್ತುವುದು, ಊಟಕ್ಕೆ ಬೇರೆ ದುಡ್ಡು. ಸಾಲದ ಹೊರೆಯಲ್ಲಿ 1982ರ ಫೆಬ್ರುವರಿಯಲ್ಲಿ ಕಂಪನಿ ಮುಳುಗಿತು. ಅಮೆರಿಕದಲ್ಲಿ 1978ರ ಕಾಯ್ದೆ ದರ ನಿಯಂತ್ರಣದ ಕಟ್ಟು ಬಿಚ್ಚಿದ ಮೇಲೆ 1981ರಲ್ಲಿ ಹಾರಾಟಕ್ಕಿಳಿದ ಪೀಪಲ್ ಎಕ್ಸ್‌ಪ್ರೆಸ್ ಅಗ್ಗದ ದರದಿಂದ ಮನೆಮಾತಾಯಿತು. ಅದಕ್ಕೆ ಅಮೆರಿಕನ್ ಏರ್‌ಲೈನ್ಸ್ 1985ರಲ್ಲಿ ಕೊಟ್ಟ ಉತ್ತರ ಕಂಪ್ಯೂಟರಿನದು: ಕೆಲವೇ ಸೀಟುಗಳಿಗೆ ಪೈಪೋಟಿಯ ದರ, ಉಳಿದವಕ್ಕೆ ಹಳೆಯ ದರ. ಅಗ್ಗದ ಸೀಟಿಗೆ ಮೊದಲೇ ಹಣ ಕಟ್ಟಬೇಕು, ರದ್ದು ಮಾಡಿದರೆ ನಷ್ಟ ತಾಳಿಕೊಳ್ಳಬೇಕು. ಸುಮಾರು ಎರಡು ವರ್ಷದಲ್ಲಿ ಪೀಪಲ್ ಎಕ್ಸ್‌ಪ್ರೆಸ್ ಇನ್ನೊಂದು ಕಂಪನಿಯಲ್ಲಿ ಲೀನವಾಯಿತು. ಆ ಕಾಲದ ಅಗ್ಗದ ಟಿಕೆಟ್ಟುಗಳಿಗೆ ಹೋದ ಊರಲ್ಲಿ ಶನಿವಾರ ರಾತ್ರಿ ತಂಗಿರಲೇಬೇಕು ಎಂಬ ಷರತ್ತೂ ಇರುತ್ತಿತ್ತು. ಭಾನುವಾರ ಹೆಂಡತಿ ಮಕ್ಕಳೊಡನೆ ಇರಬಯಸುವ ವ್ಯಾಪಾರಿಯನ್ನು ಸೋಸಿ ತೆಗೆಯುವ ಜರಡಿ ಅದು.

ಭಾರತದಲ್ಲಿ 1953ರ ರಾಷ್ಟ್ರೀಕರಣದಿಂದ ಆ ಕಾಯ್ದೆ 1994ರಲ್ಲಿ ರದ್ದಾಗುವವರೆಗೆ ವಿಮಾನಯಾನ ಬಹುಮಟ್ಟಿಗೆ ಸರ್ಕಾರದ್ದೇ. ಪ್ರಯಾಣಿಕರೂ ಬಹುಪಾಲು ಸರ್ಕಾರದ ಅಥವಾ ಕಂಪನಿಯ ಖರ್ಚಿನಲ್ಲಿ ಹೋಗುವವರೇ. ಖಾಸಗಿ ಕಂಪನಿಗಳು ಬಂದಮೇಲೂ ಸ್ವಂತ ಜೇಬಿನವರಿಗೆ ಬಾಗಿಲು ಅಗಲವಾಗಿ ತೆರೆಯಲು ಒಂಬತ್ತು ವರ್ಷ ಹಿಡಿಯಿತು. ಅದನ್ನು ತೆರೆದವರು ಹಾಸನ ಜಿಲ್ಲೆ ಗೊರೂರಿನ ಜಿ.ಆರ್. ಗೋಪಿನಾಥ್. ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದು, ಊರಿಗೆ ಮರಳಿ ರೇಷ್ಮೆ ಬೆಳೆದು, ಆಮೇಲೆ ಹೆಲಿಕಾಪ್ಟರ್ ಕಂಪನಿ ಕಟ್ಟಿದವರು. ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಹಾರಿಸಿದ್ದು ಬೆಂಗಳೂರು–ಹುಬ್ಬಳ್ಳಿ ನಡುವೆ, ರೆಕ್ಕೆಗೆ ಪಂಖ ಕಟ್ಟಿದ ಸಣ್ಣ ಎಟಿಆರ್ ವಿಮಾನವನ್ನು. ಕಂಪನಿಯ ಗುರುತಾಗಿ ಆರಿಸಿಕೊಂಡದ್ದು ಆರ್.ಕೆ. ಲಕ್ಷ್ಮಣ್ ಅವರ ‘ಕಾಮನ್ ಮ್ಯಾನ್’. ಊಟ ಬೇಕಾದರೆ ಕೊಂಡು ತಿನ್ನಬೇಕು. ಕೆಲವು ಸೀಟುಗಳು ಒಂದು ರೂಪಾಯಿಗೆ ಹೋದವು, ತೆರಿಗೆ ಬೇರೆ. ಒಂದು ರೂಪಾಯಿ ಕೇಳಿ ಬಂದವರೆಲ್ಲರಿಗೂ ಅದು ಸಿಗಲಿಲ್ಲವೆಂಬುದು ನಿಜ. ಮೊದಲು ಬಂದವರಿಗೆ ಅಗ್ಗ, ಕೊನೆಯವರಿಗೆ ತುಟ್ಟಿ ಎಂಬ ಲೆಕ್ಕವೇ ಇಲ್ಲಿಯೂ ಕೆಲಸ ಮಾಡಿತ್ತು. ಆದರೆ ಮನೆಯಲ್ಲಿ ಹಿಂದೆ ಯಾರೂ ವಿಮಾನ ಹತ್ತದ ಸಾವಿರಾರು ಜನ ಹತ್ತಿದರು. 2007ರಲ್ಲಿ ಏರ್ ಡೆಕ್ಕನ್ ಕಿಂಗ್‌ಫಿಷರ್ ಪಾಲಾಯಿತು, 2012ರಲ್ಲಿ ಕಿಂಗ್‌ಫಿಷರ್ ತಾನೇ ನೆಲ ಹಿಡಿಯಿತು. ಅಷ್ಟರಲ್ಲಿ ಅಗ್ಗದ ದರದ ಬೇರೆ ಕಂಪನಿಗಳು ಬೇರೂರಿದ್ದವು.

ಸರ್ಕಾರವೂ ಕೈಹಾಕಿದೆ. 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ಹಾರಾಟದಿಂದ ಆರಂಭವಾದ ‘ಉಡಾನ್’ ಯೋಜನೆಯಲ್ಲಿ, ಸುಮಾರು ಒಂದು ಗಂಟೆಯ ಹಾದಿಗೆ ಅರ್ಧದಷ್ಟು ಸೀಟುಗಳ ದರಕ್ಕೆ 2,500 ರೂಪಾಯಿಯ ಮಿತಿ ಇಟ್ಟು, ನಷ್ಟ ತುಂಬಿಕೊಡುವ ಏರ್ಪಾಡಾಯಿತು. ಆದರೆ ಮೊದಲ ಮೂರು ಹಂತಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ ಎಂದು ಮಹಾಲೇಖಪಾಲರ 2023ರ ವರದಿ ಹೇಳಿತು. ಕೊರೊನಾ ಕಾಲದಲ್ಲಿ, 2020ರ ಮೇ 25ರಿಂದ 2022ರ ಆಗಸ್ಟ್ 31ರವರೆಗೆ, ಟಿಕೆಟ್ಟಿಗೆ ಗರಿಷ್ಠ ದರದ ಜೊತೆಗೆ ಕನಿಷ್ಠ ದರವನ್ನೂ ಸರ್ಕಾರವೇ ಗೊತ್ತುಮಾಡಿತ್ತು. ದುರ್ಬಲ ಕಂಪನಿಗಳು ಉಳಿಯಲೆಂದು ತೀರಾ ಅಗ್ಗವಾಗಿ ಮಾರುವುದನ್ನೇ ತಡೆದದ್ದು ಅದು.

ಕೊಳ್ಳುವವರಿಗೆ ಇಷ್ಟೆಲ್ಲದರಿಂದ ಸಿಗುವ ಉಪಾಯಗಳು ಕೆಲವೇ. ದಿನಾಂಕವನ್ನು ಎರಡು ದಿನ ಆಚೀಚೆ ಮಾಡಬಲ್ಲವರು ಗೆಲ್ಲುತ್ತಾರೆ. ನಾಲ್ವರಿಗೆ ಒಟ್ಟಿಗೆ ಹುಡುಕುವಾಗ ಅಗ್ಗದ ಗುಂಪಿನಲ್ಲಿ ಮೂರೇ ಸೀಟು ಉಳಿದಿದ್ದರೆ, ಸಾಮಾನ್ಯವಾಗಿ ನಾಲ್ವರಿಗೂ ಮೇಲಿನ ದರವೇ ಕಾಣುತ್ತದೆ. ಒಬ್ಬೊಬ್ಬರಿಗೆ ಹುಡುಕಿ ನೋಡುವುದು ಒಳ್ಳೆಯದು. ಬ್ಯಾಗಿನ ಶುಲ್ಕ, ಸೀಟು ಆರಿಸುವ ಶುಲ್ಕ ಸೇರಿಸಿದ ಮೇಲಷ್ಟೇ ಎರಡು ಕಂಪನಿಗಳ ದರ ಹೋಲಿಸಬೇಕು. ಪದೇ ಪದೇ ನೋಡಿದರೆ ಕಂಪ್ಯೂಟರ್ ಗುರುತಿಟ್ಟುಕೊಂಡು ದರ ಏರಿಸುತ್ತದೆಂಬ ಮಾತು ಜನಜನಿತ. ಏರಿಕೆಗೆ ಸುಲಭ ಕಾರಣ, ನೋಡುತ್ತಾ ಕುಳಿತಿರುವಾಗ ಬೇರೆಯವರು ಅಗ್ಗದ ಸೀಟು ಕೊಂಡಿರುವುದು.

ಉಪಾಯಗಳೆಲ್ಲ ಸಮಯ ಇದ್ದವರಿಗೆ. ಮಂಗಳೂರಿನಿಂದ ದುಬೈಗೆ 2006ರಲ್ಲಿ ನೇರ ವಿಮಾನ ಶುರುವಾದಾಗ ಮುಂಬೈ ಸುತ್ತುವ ಕಷ್ಟ ತಪ್ಪಿತೆಂದು ಕರಾವಳಿಯವರು ಹಿಗ್ಗಿದರು. ಆದರೆ ಶಾಲೆಯ ರಜೆ, ಈದ್, ಕ್ರಿಸ್‌ಮಸ್ ಬಂತೆಂದರೆ ದರ ಏರುತ್ತದೆಂಬುದು ಗಲ್ಫ್‌ನಲ್ಲಿ ದುಡಿಯುವವರ ಹಳೆಯ ಗೋಳು. ಅವರಿಗೆ ರಜೆ ಸಿಗುವುದೂ ಆಗಲೇ. ಊರಿನಿಂದ ರಾತ್ರಿ ಫೋನು ಬಂದು ‘ಅಪ್ಪನಿಗೆ ಹುಷಾರಿಲ್ಲ, ಹೊರಟು ಬಾ’ ಎಂದಾಗ, ಲಿಟಲ್‌ವುಡ್ ಸೂತ್ರ ಕಾದು ಕುಳಿತಿದ್ದ ಗಿರಾಕಿ ಅವರೇ.

ಅಮೆರಿಕ, ಕೆನಡಾಗಳ ಕೆಲವು ಕಂಪನಿಗಳು ಸಾವಿನ ಮನೆಗೆ ಹೊರಟವರಿಗೆ ರಿಯಾಯಿತಿ ಕೊಡುವ ಪದ್ಧತಿ ಇಟ್ಟುಕೊಂಡಿದ್ದವು. ಅಮೆರಿಕನ್ ಮತ್ತು ಯುನೈಟೆಡ್ ಕಂಪನಿಗಳು 2014ರಲ್ಲಿ ಅದನ್ನು ನಿಲ್ಲಿಸಿದವು. ಏರ್ ಕೆನಡಾ ಮುಂದುವರಿಸಿತು. 2022ರಲ್ಲಿ ಅಜ್ಜಿ ತೀರಿಕೊಂಡ ಒಬ್ಬರಿಗೆ, ಮೊದಲು ಪೂರ್ತಿ ಹಣ ಕೊಟ್ಟು ಆಮೇಲೆ ರಿಯಾಯಿತಿ ಕೇಳಬಹುದೆಂದು ಆ ಕಂಪನಿಯ ಕಂಪ್ಯೂಟರ್ ಸಹಾಯಕ ಉತ್ತರ ಕೊಟ್ಟಿತು. ಹಾಗೆ ಕೇಳಿದಾಗ ಕಂಪನಿ ನಿಯಮದಲ್ಲಿ ಅವಕಾಶವಿಲ್ಲವೆಂದಿತು. ಕಂಪ್ಯೂಟರ್ ಹೇಳಿದ್ದಕ್ಕೆ ತಾನು ಹೊಣೆಯಲ್ಲವೆಂದೂ ವಾದಿಸಿತು. ಕೆನಡಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಆ ವಾದ ತಳ್ಳಿಹಾಕಿ, ದರದ ವ್ಯತ್ಯಾಸವಾದ ಸುಮಾರು 650 ಕೆನಡಾ ಡಾಲರನ್ನು ಬಡ್ಡಿ ಸಹಿತ ಆ ಪ್ರಯಾಣಿಕರಿಗೆ ಕೊಡಿಸಿತು.